ಏಳನೇ ತರಗತಿ ಮುಗಿಯಿತು, ಮುಂದೆ ಯಾವ ಹೈಸ್ಕೂಲು?

ಪ್ರಶ್ನೆ: ನಮ್ಮದು ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿ. ಒಬ್ಬಳೇ ಮಗಳು. ಊರಿನ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಏಳನೇ ತರಗತಿ ಮುಗಿಸಿದ್ದಾಳೆ, ಓದಿನಲ್ಲಿ ಚುರುಕು. ನಾಲ್ಕು ಕಿಲೋಮೀಟರ್ ದೂರದ ಹೋಬಳಿ ಊರಿನಲ್ಲಿ ಸರ್ಕಾರಿ ಪ್ರೌಢಶಾಲೆ ಇದೆ. ಆದರೆ ಮೈಸೂರಿನಲ್ಲಿರುವ ನನ್ನ ಭಾವ, ಮಗುವನ್ನು ತಮ್ಮ ಮನೆಯಲ್ಲಿಟ್ಟುಕೊಂಡು ಖಾಸಗಿ ಇಂಗ್ಲಿಷ್ ಮಾಧ್ಯಮ ಶಾಲೆಗೆ ಸೇರಿಸುವುದಾಗಿ ಹೇಳುತ್ತಿದ್ದಾರೆ. ಶುಲ್ಕಕ್ಕಾಗಿ ನನ್ನ ಗಂಡ ಕಬ್ಬಿನ ಬಿಲ್ಲನ್ನು ನಂಬಿ ಸಾಲ ಮಾಡಲು ಸಿದ್ಧರಿದ್ದಾರೆ. ಮಗಳು ಏನೂ ಹೇಳುತ್ತಿಲ್ಲ. ಇಂಗ್ಲಿಷ್ ಬಾರದೆ ನಾನು ಪಟ್ಟ ಅವಮಾನ ಅವಳಿಗೆ ಬೇಡ. ಏನು ಮಾಡಲಿ?

ಉತ್ತರ: ಈ ಮೂರು ವರ್ಷ ಮಗಳನ್ನು ನಿಮ್ಮ ಬಳಿಯೇ ಇಟ್ಟುಕೊಂಡು ಹೋಬಳಿಯ ಪ್ರೌಢಶಾಲೆಗೆ ಕಳುಹಿಸಿ ಎಂಬುದು ನನ್ನ ಸಲಹೆ. ಅದಕ್ಕೆ ಒಂದು ಷರತ್ತಿದೆ, ಮುಂದೆ ಹೇಳುತ್ತೇನೆ.

ಮೊದಲು ನಿಮ್ಮ ಅವಮಾನದ ಮಾತು. ಆಸ್ಪತ್ರೆಯಲ್ಲಿ, ಬ್ಯಾಂಕಿನಲ್ಲಿ, ನೆಂಟರ ಮನೆಯಲ್ಲಿ ಇಂಗ್ಲಿಷ್ ಬಾರದವರನ್ನು ನೋಡುವ ನೋಟ ಎಂಥದೆಂದು ನನಗೆ ಗೊತ್ತು, ಅದು ಮಗಳಿಗೆ ತಟ್ಟಬಾರದೆಂಬ ನಿಮ್ಮ ಹಟದಲ್ಲಿ ಯಾವ ತಪ್ಪೂ ಇಲ್ಲ. ಆದರೆ ಏಳು ವರ್ಷ ಕನ್ನಡದಲ್ಲಿ ಕಲಿತ ಮಗುವನ್ನು ಎಂಟನೇ ತರಗತಿಯಲ್ಲಿ ಒಮ್ಮೆಲೇ ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದರೆ, ಬೀಜಗಣಿತವೂ ರಸಾಯನಶಾಸ್ತ್ರವೂ ಗಟ್ಟಿಯಾಗಿ ಶುರುವಾಗುವ ಹೊತ್ತಿನಲ್ಲೇ ಅವುಗಳನ್ನು ಹೇಳುವ ಭಾಷೆಯೂ ಅಪರಿಚಿತವಾಗುತ್ತದೆ. ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಪಾಠ ಮಾಡಿದ ವರ್ಷಗಳಲ್ಲಿ, ಹೀಗೆ ಹೋಗಿ ಒಂದು ವರ್ಷದಲ್ಲೇ ಟಿಸಿ ಹಿಡಿದು ಮರಳಿದ ಮಕ್ಕಳನ್ನು ಕಂಡಿದ್ದೇನೆ. ತರಗತಿಯಲ್ಲಿ ಮೊದಲು ಕೈ ಎತ್ತುತ್ತಿದ್ದ ಹುಡುಗಿಯೊಬ್ಬಳು, ತನಗೆ ಉತ್ತರ ಗೊತ್ತಿದ್ದರೂ ಹೇಳಲು ಪದ ಸಿಗದೆ ಸುಮ್ಮನಿರುವುದನ್ನೇ ಅಭ್ಯಾಸ ಮಾಡಿಕೊಂಡು ಬಂದಿದ್ದಳು. ಅವಳನ್ನು ಮತ್ತೆ ಮಾತನಾಡಿಸಲು ನಮಗೆ ಒಂದು ವರ್ಷ ಬೇಕಾಯಿತು.

ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡರೆ ಇಂಗ್ಲಿಷಿನ ಕಷ್ಟ ಆಗಲೂ ಬರುತ್ತದೆ, ಇಲ್ಲವೆನ್ನಲಾರೆ. ಅದಕ್ಕೆ ಈಗಿನಿಂದಲೇ ತಯಾರಿ ಮಾಡಬಹುದು. ರಾಜ್ಯ ಪಠ್ಯಕ್ರಮದ ಗಣಿತ, ವಿಜ್ಞಾನ ಪುಸ್ತಕಗಳು ಎರಡೂ ಮಾಧ್ಯಮಗಳಲ್ಲಿ ಪಾಠಕ್ಕೆ ಪಾಠ ಹೊಂದುವಂತೆ ಇರುತ್ತವೆ, ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಉಚಿತವಾಗಿಯೂ ಸಿಗುತ್ತವೆ. ಶಾಲೆಯಲ್ಲಿ ಕನ್ನಡದಲ್ಲಿ ಮುಗಿದ ಪಾಠವನ್ನೇ ವಾರದ ಕೊನೆಗೆ ಇಂಗ್ಲಿಷ್ ಪುಸ್ತಕದಲ್ಲಿ ಓದಲಿ. ದ್ಯುತಿಸಂಶ್ಲೇಷಣೆ ಏನೆಂದು ಅರ್ಥವಾಗಿರುವವಳಿಗೆ ಫೋಟೋಸಿಂಥೆಸಿಸ್ ಎಂಬುದು ಇನ್ನೊಂದು ಹೆಸರು ಮಾತ್ರ. ಮೂರು ವರ್ಷ ಹೀಗೆ ಓದಿದ ಹುಡುಗಿ ಪಿಯುಸಿಯ ಮೊದಲ ತಿಂಗಳಲ್ಲಿ ಕಂಗಾಲಾಗುವುದಿಲ್ಲ.

ನಿಮ್ಮ ಭಾವನವರ ಲೆಕ್ಕದಲ್ಲಿ ಬಹುಶಃ ಇಲ್ಲದ ಇನ್ನೊಂದು ಸಂಗತಿಯಿದೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಹಂಚುವ ವೃತ್ತಿಪರ ಕೋರ್ಸುಗಳ ಸರ್ಕಾರಿ ಸೀಟುಗಳಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಮೀಸಲಿದೆ. ಎರಡಕ್ಕೂ ಒಂದರಿಂದ ಹತ್ತನೇ ತರಗತಿಯವರೆಗಿನ ಪೂರ್ತಿ ಹತ್ತು ವರ್ಷದ ಓದು ಬೇಕು. ನಿಮ್ಮ ಮಗಳು ಏಳು ವರ್ಷ ಆಗಲೇ ಮುಗಿಸಿದ್ದಾಳೆ. ಉಳಿದ ಮೂರು ವರ್ಷ ಮೈಸೂರಿನಲ್ಲಿ ಓದಿದರೆ ಆ ಏಳೂ ಲೆಕ್ಕಕ್ಕೆ ಬರುವುದಿಲ್ಲ. ಪಾಂಡವಪುರ ಪಟ್ಟಣಕ್ಕೆ ಕಳುಹಿಸಿದರೂ ಅದು ಪುರಸಭೆಯ ವ್ಯಾಪ್ತಿಯಾದ್ದರಿಂದ ಗ್ರಾಮೀಣ ಕೋಟಾ ತಪ್ಪುತ್ತದೆ. ಹೋಬಳಿ ಊರು ಗ್ರಾಮ ಪಂಚಾಯಿತಿಗೆ ಸೇರಿದ್ದರೆ ತೊಂದರೆಯಿಲ್ಲ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿಯಿರುವ ವ್ಯಾಸಂಗ ಪ್ರಮಾಣಪತ್ರ ಮುಂದೆ ಬೇಕಾಗುತ್ತದೆ, ನೆನಪಿನಲ್ಲಿಡಿ.

ಭಾವನವರ ಮನೆಯ ವಿಷಯದಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕಾಗಿದೆ. ಅವರ ಪ್ರೀತಿಯನ್ನು ನಾನು ಅನುಮಾನಿಸುವುದಿಲ್ಲ. ಆದರೂ ಹದಿಮೂರರ ಹುಡುಗಿ ಎಷ್ಟೇ ಹತ್ತಿರದ ನೆಂಟರ ಮನೆಯಲ್ಲಿದ್ದರೂ, ಇನ್ನೊಂದು ರೊಟ್ಟಿ ಕೇಳಲು ಸಂಕೋಚಪಡುತ್ತಾಳೆ, ಹೊಟ್ಟೆನೋವು ಬಂದರೆ ಯಾರಿಗೂ ಹೇಳದೆ ಮಲಗುತ್ತಾಳೆ, ಕಡಿಮೆ ಅಂಕ ಬಂದ ದಿನ ಅಳಲು ಜಾಗವಿಲ್ಲದೆ ಬಚ್ಚಲಿಗೆ ಹೋಗುತ್ತಾಳೆ. ಪಾತ್ರೆ ತೊಳೆಯುವ ಕೆಲಸ ಯಾರೂ ಹೇಳದೆಯೇ ನಿಧಾನವಾಗಿ ಅವಳ ಪಾಲಿಗೆ ಬರುತ್ತದೆ, ಏಕೆಂದರೆ ಋಣದಲ್ಲಿದ್ದೇನೆಂಬುದು ಮಕ್ಕಳಿಗೆ ಬೇಗ ತಿಳಿಯುತ್ತದೆ. ಮೈನೆರೆಯುವ ವಯಸ್ಸಿನ ಈ ವರ್ಷಗಳಲ್ಲಿ ಅವಳಿಗೆ ಅವ್ವ ಬೇಕು. ಭಾವನವರಿಗೆ ಒರಟಾಗಿ ಬೇಡವೆನ್ನಬೇಡಿ. “ಹತ್ತನೇ ತರಗತಿಯವರೆಗೆ ನಮ್ಮ ಕಣ್ಣೆದುರು ಇರಲಿ, ಪಿಯುಸಿಗೆ ಮೈಸೂರಿಗೆ ಬಂದಾಗ ನೀವೇ ಮುಂದೆ ನಿಂತು ನೋಡಿಕೊಳ್ಳಿ” ಎಂದು ನಿಮ್ಮ ಯಜಮಾನರಿಂದಲೇ ಹೇಳಿಸಿ. ನಿಮ್ಮ ಬಾಯಿಂದ ಬಂದರೆ ಅದು ಓರಗಿತ್ತಿಯರ ಮಾತಾಗಿಬಿಡುವ ಅಪಾಯವಿದೆ.

ಇನ್ನು ಷರತ್ತು. ದಾಖಲಾತಿಗೆ ಮೊದಲು ಆ ಪ್ರೌಢಶಾಲೆಗೆ ಹೋಗಿ ಮುಖ್ಯಶಿಕ್ಷಕರನ್ನು ಕಂಡು, ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಮತ್ತು ಸಿಬಿಝಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ) ಶಿಕ್ಷಕರು ಇಬ್ಬರೂ ಇದ್ದಾರೆಯೇ, ಇಂಗ್ಲಿಷಿಗೆ ಕಾಯಂ ಶಿಕ್ಷಕರಿದ್ದಾರೆಯೇ, ಅತಿಥಿ ಶಿಕ್ಷಕರಾದರೆ ಕಳೆದ ವರ್ಷ ಯಾವ ತಿಂಗಳಲ್ಲಿ ಬಂದರು ಎಂದು ಕೇಳಿ. ಹೆಣ್ಣುಮಕ್ಕಳ ಶೌಚಾಲಯವನ್ನು ನೀವೇ ಒಳಗೆ ಹೋಗಿ, ನಲ್ಲಿ ತಿರುಗಿಸಿ ನೋಡಿ. ಸಂಜೆ ಶಾಲೆ ಬಿಟ್ಟಾಗ ಬಸ್ಸು ಉಂಟೇ ಎಂದು ಒಂದು ದಿನ ನಿಂತು ಗಮನಿಸಿ. ಶಕ್ತಿ ಯೋಜನೆಯಿಂದ ಅವಳಿಗೆ ಟಿಕೆಟ್ಟಿನ ಖರ್ಚಿಲ್ಲ, ಬಸ್ಸು ಬರಬೇಕಷ್ಟೆ. ಗಣಿತ ಅಥವಾ ವಿಜ್ಞಾನಕ್ಕೆ ಶಿಕ್ಷಕರೇ ಇಲ್ಲವೆಂದಾದರೆ ನನ್ನ ಸಲಹೆ ಬದಲಾಗುತ್ತದೆ: ಆಗ ಮನೆಯಿಂದ ಹೋಗಿ ಬರಬಹುದಾದ ಅನುದಾನಿತ ಕನ್ನಡ ಮಾಧ್ಯಮ ಶಾಲೆಯೊಂದನ್ನು, ಗ್ರಾಮೀಣ ಕೋಟಾ ತಪ್ಪಿದರೂ ಸರಿಯೇ, ಹುಡುಕಿ. ಪಾಠವೇ ನಡೆಯದ ಕಡೆ ಮೀಸಲಾತಿಗೋಸ್ಕರ ಮಗುವನ್ನು ಕೂರಿಸಬಾರದು.

ಸಾಲ ಈಗ ಬೇಡ. ಕಬ್ಬಿನ ಬಿಲ್ಲು ಹೇಳಿದ ದಿನಕ್ಕೆ ಕೈಸೇರುವುದಿಲ್ಲವೆಂಬುದು ಮಂಡ್ಯ ಜಿಲ್ಲೆಯ ರೈತ ಕುಟುಂಬಕ್ಕೆ ನಾನು ಹೇಳಿಕೊಡಬೇಕಾದ ವಿಷಯವಲ್ಲ. ಶುಲ್ಕದ ಕಂತು ಮಾತ್ರ ಕಾಯುವುದಿಲ್ಲ. ಹೊಂದಿಸಬಹುದಾದ ಹಣವನ್ನು ಅವಳ ಹೆಸರಿನಲ್ಲಿ ಪಿಯುಸಿಗೆಂದು ಕೂಡಿಡಿ. ಸರ್ಕಾರಿ ಅಥವಾ ಅನುದಾನಿತ ಶಾಲೆಯ ಮಕ್ಕಳು ಎಂಟನೇ ತರಗತಿಯಲ್ಲಿ ಎನ್‌ಎಂಎಂಎಸ್ ಎಂಬ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನ ಪರೀಕ್ಷೆ ಬರೆದು ಆಯ್ಕೆಯಾದರೆ, ಒಂಬತ್ತರಿಂದ ದ್ವಿತೀಯ ಪಿಯುಸಿಯವರೆಗೆ ಸರ್ಕಾರಿ ಅಥವಾ ಅನುದಾನಿತ ಸಂಸ್ಥೆಯಲ್ಲೇ ಓದು ಮುಂದುವರಿಸಿದಲ್ಲಿ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ ಬರುತ್ತದೆ. ಕುಟುಂಬದ ವಾರ್ಷಿಕ ಆದಾಯ ಮೂರೂವರೆ ಲಕ್ಷ ಮೀರಿರಬಾರದು. ಖಾಸಗಿ ಶಾಲೆಗೆ ಹೋದರೆ ಈ ಅವಕಾಶವಿಲ್ಲ. ಅರ್ಜಿಯ ಬಗ್ಗೆ ಜೂನ್‌ನಲ್ಲೇ ಶಾಲೆಯಲ್ಲಿ ವಿಚಾರಿಸಿಡಿ.

ಕೊನೆಗೆ, ಏನೂ ಹೇಳದಿರುವ ನಿಮ್ಮ ಮಗಳು. ದೊಡ್ಡವರೆಲ್ಲ ಸೇರಿ ಎದುರು ಕೂರಿಸಿಕೊಂಡು “ನಿನಗೇನು ಇಷ್ಟ?” ಎಂದು ಕೇಳಿದರೆ ಅವಳು ತಲೆ ತಗ್ಗಿಸದೆ ಇನ್ನೇನು ಮಾಡಿಯಾಳು? ಶಾಲೆ ನೋಡಲು ಹೋಗುವ ದಿನ ಅವಳನ್ನೂ ಕರೆದುಕೊಂಡು ಹೋಗಿ, ಬರುವಾಗ ನೀವಿಬ್ಬರೇ ನಾಲೆ ಏರಿಯ ಮೇಲೆ ನಡೆದು ಬನ್ನಿ. ದಾರಿಯಲ್ಲಿ ಪ್ರಶ್ನೆ ಕೇಳಬೇಡಿ. ಅವಳಾಗಿ ಏನಾದರೂ ಹೇಳಿದರೆ, ಅದು ನನ್ನ ಸಲಹೆಗೆ ವಿರುದ್ಧವಾಗಿದ್ದರೂ, ನನಗೆ ಇನ್ನೊಮ್ಮೆ ಬರೆಯಿರಿ.