ಊರಲ್ಲಿ ಉಳಿದವರಷ್ಟೇ ಲೆಕ್ಕಕ್ಕೆ ಸಿಕ್ಕಾಗ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ ಪ್ರತಿ ವರ್ಷವೂ ಇಂಥ ಒಬ್ಬಿಬ್ಬರು ಮಕ್ಕಳನ್ನು ಶಿಕ್ಷಕರು ನನ್ನ ಬಳಿಗೆ ಕಳುಹಿಸುತ್ತಾರೆ: ಅಂಕ ಚೆನ್ನಾಗಿದೆ, ಮನೆಯವರ ಅಡ್ಡಿಯಿಲ್ಲ, ಆದರೂ ಕಾಲೇಜು ಬೇಡ ಎನ್ನುತ್ತಾರೆ. ಯಾದಗಿರಿ ಜಿಲ್ಲೆಯ ಹಳ್ಳಿಯೊಂದರ ಈ ಹುಡುಗನೂ (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ) ಹಾಗೆ ಬಂದವನು. ಸ್ವಲ್ಪ ಬುದ್ಧಿ ಹೇಳಿ ಎಂಬುದು ಶಿಕ್ಷಕರ ಕೋರಿಕೆಯಾಗಿತ್ತು.

ಎರಡನೆಯ ಭೇಟಿಯಲ್ಲಿ, ಕಾಲೇಜು ಓದಿದವರ ಪೈಕಿ ನಿನಗೆ ಗೊತ್ತಿರುವವರು ಯಾರು ಎಂದು ಕೇಳಿದೆ. ಅವನು ಬೆರಳು ಮಡಚುತ್ತ ಹೇಳಿದ: "ನಮ್ಮ ಓಣ್ಯಾಗ ಬಿ.ಎ. ಮುಗಿಸಿದಾಂವ ಹತ್ತಿಗೆ ಎಣ್ಣಿ ಹೊಡ್ಯಾಕ ಕೂಲಿಗೆ ಬರ್ತಾನ್ರಿ. ಇನ್ನೊಬ್ಬಾಂವ ಬಿ.ಎಡ್. ಮಾಡಿ ಮನ್ಯಾಗ ಕುಂತಾನ. ಹತ್ತನೇತ್ತ ಫೇಲಾದಾಂವ ಟ್ರ್ಯಾಕ್ಟರ್ ತಂದಾನ್ರಿ." ಆಮೇಲೆ ತುಸು ಸಿಟ್ಟಿನಿಂದಲೇ, "ನೀವೇ ಲೆಕ್ಕ ಹಾಕ್ರಿ" ಎಂದ.

ಲೆಕ್ಕವೇನೋ ಸರಿಯಾಗಿಯೇ ಇತ್ತು. ವಿದ್ಯೆಯ ಮಹಿಮೆ ಸಾರುವ ಉಪದೇಶ ಇಂಥ ಮಕ್ಕಳಿಗೆ ತಟ್ಟುವುದಿಲ್ಲ; ಕಣ್ಣಾರೆ ಕಂಡದ್ದನ್ನು ಬಿಟ್ಟು ನಮ್ಮ ಮಾತನ್ನು ಅವರೇಕೆ ನಂಬಬೇಕು? ಆದರೆ ಓದಿ ಕೆಲಸ ಹಿಡಿದವರು ಕಲಬುರಗಿ, ಹೈದರಾಬಾದ್, ಬೆಂಗಳೂರು ಸೇರಿ ಜಾತ್ರೆಗೊಮ್ಮೆ ಮುಖ ತೋರಿಸಿ ಹೋಗುತ್ತಾರೆ, ಓದಿಯೂ ಕೆಲಸ ಸಿಗದವರು ಮಾತ್ರ ವರ್ಷವಿಡೀ ಊರಿನಲ್ಲಿ ಕಾಣುತ್ತಾರೆ.

ಆದ್ದರಿಂದ ಕಾಲೇಜಿಗೆ ಹೋಗು ಎಂದು ನಾನು ಹೇಳಲಿಲ್ಲ. ಊರು ಬಿಟ್ಟ ಇಬ್ಬರಿಗೆ ಫೋನ್ ಮಾಡಿ, ಏನು ಓದಿದರು, ಮೊದಲ ಸಂಬಳ ಕೈಗೆ ಬರಲು ಎಷ್ಟು ಕಾಲ ಹಿಡಿಯಿತು, ಅಲ್ಲಿಯವರೆಗೆ ಖರ್ಚು ಯಾರು ನೋಡಿಕೊಂಡರು ಎಂದು ಕೇಳಿಕೊಂಡು ಬಾ ಎಂದೆ. ಪಿಯುಸಿ, ಆಮೇಲೆ ಬಿ.ಎ., ಇಷ್ಟನ್ನೇ ಅವನು ಕಾಲೇಜು ಎಂದುಕೊಂಡಿದ್ದ. ಹತ್ತನೆಯ ತರಗತಿಯ ನಂತರ 3 ವರ್ಷದ ಪಾಲಿಟೆಕ್ನಿಕ್ ಡಿಪ್ಲೊಮಾ ಇದೆ, ಅದು ಮುಗಿದ ಮೇಲೆ ಲ್ಯಾಟರಲ್ ಎಂಟ್ರಿಯಲ್ಲಿ ಎಂಜಿನಿಯರಿಂಗ್ ಎರಡನೆಯ ವರ್ಷಕ್ಕೇ ಸೇರಬಹುದು, ಸಂವಿಧಾನದ 371(ಜೆ) ವಿಧಿಯಡಿ ಯಾದಗಿರಿಯೂ ಸೇರಿದ ಕಲ್ಯಾಣ ಕರ್ನಾಟಕದವರಿಗೆ ಕಾಲೇಜು ಸೀಟಿನಲ್ಲೂ ಸರ್ಕಾರಿ ಹುದ್ದೆಯಲ್ಲೂ ಮೀಸಲಾತಿ ಇದೆ ಎಂಬುದನ್ನು ಅವನಿಗೆ ಯಾರೂ ಹೇಳಿರಲಿಲ್ಲ.

ಪಿಯುಸಿ ಸೈನ್ಸ್ ಓದಬೇಕಾದ ಹುಡುಗನನ್ನು ಡಿಪ್ಲೊಮಾಕ್ಕೆ ತಿರುಗಿಸಿದಿರಿ ಎಂದು ಶಿಕ್ಷಕರು ಆಕ್ಷೇಪಿಸಿದರು. ಆದರೆ ಐದಾರು ವರ್ಷ ಅವನ ದುಡಿಮೆಯಿಲ್ಲದೆ ತಡೆದುಕೊಳ್ಳುವ ಮನೆ ಅದಲ್ಲ. ಹತ್ತೊಂಬತ್ತಕ್ಕೆ ಸಂಬಳದ ಸಾಧ್ಯತೆಯನ್ನೂ ಮುಂದಿನ ಓದನ್ನೂ ಒಟ್ಟಿಗೆ ಉಳಿಸಿಕೊಳ್ಳುವ ದಾರಿಯನ್ನು ಕಡಿಮೆ ದರ್ಜೆಯದೆಂದು ನಾನು ಒಪ್ಪುವುದಿಲ್ಲ.

ಹುಡುಗ ಮಾತಾಡಿಸಿದ ಇಬ್ಬರಲ್ಲಿ ಒಬ್ಬಾತ, ತನಗಿನ್ನೂ ಓದಿಗೆ ತಕ್ಕ ಕೆಲಸ ಸಿಕ್ಕಿಲ್ಲವೆಂದು ಮುಚ್ಚುಮರೆಯಿಲ್ಲದೆ ಹೇಳಿದನಂತೆ. ಅದನ್ನೂ ಕೇಳಿಸಿಕೊಂಡೇ ಹುಡುಗ ಡಿಪ್ಲೊಮಾದ ಎಲೆಕ್ಟ್ರಿಕಲ್ ವಿಭಾಗಕ್ಕೆ ಅರ್ಜಿ ಹಾಕಿದ್ದಾನೆ. 371(ಜೆ) ಪ್ರಮಾಣಪತ್ರಕ್ಕಾಗಿ ತಂದೆ ಓಡಾಡುತ್ತಿದ್ದಾರೆ.