ರಜಪೂತರ ಮತವೇ ಇಲ್ಲದ ಜೇವರ್ಗಿಯಲ್ಲಿ ಧರಂ ಸಿಂಗ್ ಗೆದ್ದದ್ದು ಹೇಗೆ?

ಬೆಂಗಳೂರು ಕಡೆಯವರು ನಮ್ಮನ್ನು ಕೇಳುವ ಮಾಮೂಲಿ ಪ್ರಶ್ನೆ ಇದು. ಮಾಜಿ ಮುಖ್ಯಮಂತ್ರಿ ಧರಂ ಸಿಂಗ್ ರಜಪೂತರು; ಕಲಬುರಗಿ ಜಿಲ್ಲೆಯ ನಮ್ಮ ಜೇವರ್ಗಿಯ ಜಾತಿ ಲೆಕ್ಕ ಹಾಕಿ ನೋಡಿದರೆ ಅವರು ಒಂದು ಸಲವೂ ಗೆಲ್ಲಬಾರದಿತ್ತು. ಆದರೆ 2008ರ ತನಕ ಜೇವರ್ಗಿ ಅವರನ್ನು ಸೋಲಿಸಲೇ ಇಲ್ಲ.

‘ಸಿಂಗ್’ ಅಂದಕೂಡಲೇ ಹೊರಗಿನವರು ಅಂದುಕೊಳ್ಳಬೇಡಿ. ಇದೇ ತಾಲ್ಲೂಕಿನ ನೆಲೋಗಿಯವರು. ನಮ್ಮದು 1948ರ ಸೆಪ್ಟೆಂಬರ್ ತನಕ ನಿಜಾಮನ ರಾಜ್ಯ. ಕಲಬುರಗಿಯಿಂದ ಹೈದರಾಬಾದ್ ಸುಮಾರು 220 ಕಿ.ಮೀ., ಬೆಂಗಳೂರು ಹತ್ತಿರಹತ್ತಿರ 600. ಓದು, ದವಾಖಾನೆ, ಮದುವೆ ಜವಳಿ ಎಲ್ಲಕ್ಕೂ ಹೈದರಾಬಾದೇ. ಸಾಹೇಬರು ಕಾನೂನು ಓದಿದ್ದೂ ಅಲ್ಲಿನ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ. ಇಲ್ಲಿ ಚಹಾ ಅಂಗಡಿಯಲ್ಲಿ ಕನ್ನಡದಲ್ಲಿ ಶುರುವಾದ ಮಾತು ಉರ್ದುವಿನಲ್ಲಿ ಮುಗಿಯುತ್ತದೆ, ಯಾರಿಗೂ ಅದು ವಿಶೇಷ ಅನಿಸಲ್ಲ. ಅವರು ಎರಡರಲ್ಲೂ ನಿರಾಳ. ಗೌಡರ ಕಟ್ಟೆ ಮೇಲೂ ಕೂತರು, ದರ್ಗಾದ ಉರುಸಿನಲ್ಲೂ ಕೂತರು. ಸಿಟ್ಟಾಗಿ ಹೋದವನನ್ನೂ ‘ಬಾರಪ್ಪಾ’ ಅಂತ ಕರೆದು ಮಾತಾಡಿಸೋ ಸ್ವಭಾವ. ನಮ್ಮ ಕಡೆ ಅದಕ್ಕೆ ಭಾರೀ ಬೆಲೆ.

ಶುರು ಮಾಡಿದ್ದು ಕಲಬುರಗಿ ನಗರಸಭೆಯಿಂದ. 1980ರಲ್ಲಿ ಲೋಕಸಭೆಗೆ ಗೆದ್ದರು. ದೆಹಲಿಯಲ್ಲಿ ವಾಜಪೇಯಿ ಎದುರು ಸೋತಿದ್ದ ಕಾಂಗ್ರೆಸ್ ಮುಖಂಡ ಸಿ.ಎಂ. ಸ್ಟೀಫನ್‌ಗಾಗಿ ಆ ಸೀಟನ್ನೇ ಬಿಟ್ಟುಕೊಟ್ಟರು. ಪಕ್ಷದಲ್ಲಿ ಅಂಥ ಋಣ ಸುಮ್ನೆ ಹೋಗಲ್ಲ ಅಲ್ವಾ? ಖರ್ಗೆಯವರ ಜೊತೆಗಿನ ಜೋಡಿಯನ್ನಂತೂ ಜನ ಲವ-ಕುಶ ಅಂತಲೇ ಕರೆಯುತ್ತಿದ್ದರು.

2004ರಲ್ಲಿ ಯಾರಿಗೂ ಬಹುಮತ ಬರಲಿಲ್ಲ. ಕಾಂಗ್ರೆಸ್‌ಗೆ 65, ಜೆಡಿಎಸ್‌ಗೆ 58. ಎರಡೂ ಕೂಡಿದಾಗ ಎಲ್ಲರಿಗೂ ಒಪ್ಪುವವರು ಬೇಕಾಗಿತ್ತು, ಮೇ 28ರಂದು ಸಾಹೇಬರು ಮುಖ್ಯಮಂತ್ರಿಯಾದರು. ಚಿಂಚೋಳಿಯ ವೀರೇಂದ್ರ ಪಾಟೀಲರ ನಂತರ ನಮ್ಮ ಕಡೆಯವರು ಆ ಕುರ್ಚಿಯಲ್ಲಿ ಕೂತದ್ದು ಆಗಲೇ.

ಕುರ್ಚಿ 20 ತಿಂಗಳಿಗೆ ಹೋಯಿತು. ಅಷ್ಟರಲ್ಲಿ ನಮಗೇನು ಸಿಕ್ಕಿತು ಅಂತ ಕೇಳಿದರೆ ನಾನು ಜಾಸ್ತಿ ಹೊಗಳಲಾರೆ. 2002ರ ನಂಜುಂಡಪ್ಪ ವರದಿ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿ ಕೊಟ್ಟಿತ್ತಲ್ಲ, ಮುಖ್ಯಮಂತ್ರಿಯ ಸ್ವಂತ ಜೇವರ್ಗಿಯೂ ಅದರಲ್ಲಿದೆ. ಅಷ್ಟು ವರ್ಷ ಅದೇ ಜನ ಗೆಲ್ಲಿಸಿದ್ದರು. ಹೆಸರಿಡಿದು ಕರೆಯೋ ಶಾಸಕ ಇದ್ದಾನೆ ಅಂತ ರಸ್ತೆ, ಕಾಲೇಜು ಕೇಳೋದನ್ನೇ ನಾವು ಮರೆತೆವೋ ಏನೋ. ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂದದ್ದು ಆಮೇಲೆ, ದೆಹಲಿಯಿಂದ.

2008ರಲ್ಲಿ ನೂರಕ್ಕೂ ಕಡಿಮೆ ಮತಗಳಿಂದ ಸೋತರು. ಮರುವರ್ಷವೇ ಬೀದರ್‌ನಿಂದ ಸಂಸದರಾದರು. 2017ರಲ್ಲಿ ತೀರಿಕೊಂಡರು. 2013ರಿಂದ ಜೇವರ್ಗಿ ಶಾಸಕರು ಅವರ ಮಗ ಅಜಯ್ ಸಿಂಗ್. 2023ರಲ್ಲಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೂ ಅವರೇ ಅಧ್ಯಕ್ಷರಾದರು. ಈಗ ರಸ್ತೆ ಕೇಳಬೇಕಾದದ್ದೂ ಅವರನ್ನೇ.