ಘಟ್ಟದ ಮೇಲಿನ ಮೆಕ್ಯಾನಿಕ್‌ಗೆ ಬೋಟಿನ ಎಂಜಿನ್ ಒಗ್ಗುತ್ತದಾ?

ಪ್ರಶ್ನೆ: ನಾನು ಹೊಸನಗರದವನು. ಐಟಿಐ ಡೀಸೆಲ್ ಮೆಕ್ಯಾನಿಕ್ ಮುಗಿಸಿ ನಾಲ್ಕು ವರ್ಷದಿಂದ ಟಿಲ್ಲರ್, ಲಾರಿ ರಿಪೇರಿ ಮಾಡುತ್ತಿದ್ದೇನೆ. ಮಲ್ಪೆಯಲ್ಲಿ ಮೀನುಗಾರಿಕೆ ಬೋಟುಗಳ ಎಂಜಿನ್ ಕೆಲಸಕ್ಕೆ ಕರೆಯುತ್ತಿದ್ದಾರೆ. ಸಮುದ್ರ ನೋಡಿದ್ದೇ ಎರಡು ಸಲ. ಹೋಗಬಹುದಾ?

ಉತ್ತರ: ಧೈರ್ಯವಾಗಿ ಹೋಗಿ. ನಾನೂ ನಿಮ್ಮ ಪಕ್ಕದ ತೀರ್ಥಹಳ್ಳಿಯವನೇ. ಆಗುಂಬೆ ಘಾಟಿ ಇಳಿದು ಹೋದವನು ಹದಿನೆಂಟು ವರ್ಷ ಮಲ್ಪೆ ದಕ್ಕೆಯಲ್ಲಿ, ಅಂದರೆ ಬೋಟು ಕಟ್ಟುವ ಕಟ್ಟೆಯಲ್ಲಿ, ಇದೇ ಕೆಲಸ ಮಾಡಿದೆ. ಪಿಸ್ಟನ್, ನಾಜಲ್, ವಾಲ್ವ್ ಎಲ್ಲಾ ನಿಮಗೆ ಗೊತ್ತಿರುವುದೇ. ಹೊಸದಾಗಿ ಕಲಿಯಬೇಕಾದ್ದು ಉಪ್ಪುನೀರಿನ ಗುಣ.

ಲಾರಿಯ ರೇಡಿಯೇಟರನ್ನು ಗಾಳಿ ತಣಿಸುತ್ತದೆ. ಬೋಟಿನ ಹೊಟ್ಟೆಯಲ್ಲಿ ಅಷ್ಟು ಗಾಳಿ ಎಲ್ಲಿಂದ ಬರಬೇಕು? ಅಲ್ಲಿ ಪಂಪು ಸಮುದ್ರದ ನೀರನ್ನು ಕೂಲರ್‌ಗೆ ಎಳೆದು, ಎಂಜಿನ್ ಸುತ್ತಿ ಬಂದ ಬಿಸಿ ಸಿಹಿನೀರನ್ನು ತಣಿಸುತ್ತದೆ. ನೀರು ಬರುವ ಜಾಲರಿಗೆ ಒಂದು ಪ್ಲಾಸ್ಟಿಕ್ ಚೀಲ ಅಂಟಿದರೆ ಸಾಕು, ಪಂಪಿನೊಳಗೆ ನೀರು ತಳ್ಳುವ ರಬ್ಬರ್ ಚಕ್ರ (ಇಂಪೆಲ್ಲರ್) ನೀರಿಲ್ಲದೆ ಓಡಿ ಸುಟ್ಟುಹೋಗುತ್ತದೆ. ಎಂಜಿನ್ ಬಿಸಿಯಾಗುತ್ತಿದೆ ಅಂತ ತಾಂಡೇಲ, ಅಂದರೆ ಬೋಟ್ ನಡೆಸುವವನು, ಹೇಳಿದರೆ ಸೀದಾ ಹೆಡ್ ಬಿಚ್ಚಬೇಡಿ. ಮೊದಲು ಜಾಲರಿ ನೋಡಿ.

ಇನ್ನೊಂದು, ಸತು. ಪ್ರೊಪೆಲ್ಲರ್ ಒಂದು ಲೋಹ, ಶಾಫ್ಟ್ ಇನ್ನೊಂದು. ಎರಡೂ ಉಪ್ಪುನೀರಲ್ಲಿ ಜೊತೆಗಿದ್ದರೆ ಬ್ಯಾಟರಿಯ ಹಾಗೆ ಕರೆಂಟ್ ಹರಿದು ಲೋಹ ಸವೆಯುತ್ತದೆ. ಆ ಸವೆತ ತನ್ನ ಮೇಲೆ ತೆಗೆದುಕೊಳ್ಳಲಿ ಅಂತ ಪಕ್ಕದಲ್ಲಿ ಸತುವಿನ ತುಂಡು ಕೂರಿಸುತ್ತಾರೆ. ಮೊದಲ ವರ್ಷ ಬೋಟಿನ ತಳಕ್ಕೆ ಬಣ್ಣ ಬಳಿಯುವಾಗ ಚೆಂದ ಕಾಣಲಿ ಅಂತ ನಾನು ಸತುವಿಗೂ ಬಳಿದುಬಿಟ್ಟೆ. ಬಣ್ಣ ಮುಚ್ಚಿದ ಸತು ಸವೆಯುವುದಿಲ್ಲ, ಕಾಪಾಡುವುದೂ ಇಲ್ಲ. ಮುಂದಿನ ಮಳೆಗಾಲಕ್ಕೆ ಬೋಟ್ ಮೇಲೆಳೆದಾಗ ಸತು ಹೊಸದರ ಹಾಗೇ ಇತ್ತು. ಪ್ರೊಪೆಲ್ಲರಿನ ಅಂಚು ಮಾತ್ರ ಗೆದ್ದಲು ತಿಂದ ಅಡಿಕೆ ದಬ್ಬೆಯಂತಾಗಿತ್ತು. ಮಾಲೀಕರು ಬೈಯಲಿಲ್ಲ. ಆದರೂ ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಮೇ ಕೊನೆಗೇ ಹೋಗಿ ಸೇರಿಕೊಳ್ಳಿ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಬೋಟುಗಳ ಮೀನುಗಾರಿಕೆಗೆ ನಿಷೇಧ. ನಮ್ಮಲ್ಲಿ ಗದ್ದೆ ನಾಟಿ ನಡೆಯುವಾಗ ಅಲ್ಲಿ ಎಂಜಿನ್, ಗೇರ್‌ಬಾಕ್ಸ್, ಬಲೆ ಎಳೆಯುವ ವಿಂಚ್ ಎಲ್ಲಾ ಬಿಚ್ಚಿರುತ್ತಾರೆ. ಒಂದು ಬೋಟನ್ನು ಪೂರ್ತಿ ಒಳಗಿನಿಂದ ನೋಡಲು ಅಂಥ ಹೊತ್ತು ಮತ್ತೆ ಸಿಗುವುದಿಲ್ಲ. ಜುಲೈ ಕೊನೆಗೆ ಹೋದರೆ ಎಲ್ಲರಿಗೂ ಅವಸರ, ಕಲಿಸಲು ಯಾರಿಗೂ ಪುರುಸೊತ್ತಿರುವುದಿಲ್ಲ.

ಒಂದು ಮಾತು ದಯವಿಟ್ಟು ಮರೆಯಬೇಡಿ. ಮುಚ್ಚಿಟ್ಟ ಮೀನಿನ ಸ್ಟೋರೇಜ್‌ಗೆ ಸುಮ್ನೆ ಇಳಿಯಬೇಡಿ. ಕೊಳೆತ ಮೀನು, ನಿಂತ ನೀರಿನಿಂದ ವಿಷಗಾಳಿ ತುಂಬಿರುತ್ತದೆ. ಒಳಗೆ ಬಿದ್ದವನನ್ನು ಎತ್ತಲು ಓಡಿ ಇಳಿದವನೂ ಬೀಳುತ್ತಾನೆ. ಮುಚ್ಚಳ ತೆಗೆದು, ಫ್ಯಾನ್ ಹಾಕಿ ಚೆನ್ನಾಗಿ ಗಾಳಿ ಆಡಿಸಿ. ಆಮೇಲೂ ಮೇಲೊಬ್ಬರನ್ನು ನಿಲ್ಲಿಸಿಕೊಂಡೇ ಇಳಿಯಿರಿ. ಯಾರು ಎಷ್ಟೇ ಅವಸರ ಮಾಡಿದರೂ ಅಷ್ಟೇ.

ಸ್ಪ್ಯಾನರ್ ಸೆಟ್ ನಿಮ್ಮದೇ ಒಯ್ಯಿರಿ. ದಿನಾ ಸಂಜೆ ಸಿಹಿನೀರಲ್ಲಿ ತೊಳೆದು, ಒರೆಸಿ, ಎಣ್ಣೆ ಹಚ್ಚಿಡಿ.